ಅಕ್ಕ ಆಡುತ್ತಿದ್ದ ಪಾತ್ರ

ಅಕ್ಕ ಸತ್ತಾಗ ಅವಳನ್ನು ಮೊದಲು ಕಂಡವರು ನಕ್ಕಿದ್ದರು. ಅವರ ತಪ್ಪೇನೂ ಅಲ್ಲ. ಅವಳು ಸಿಟಿ ಬಸ್ಸಿನ ಡ್ರೈವರು. ಪಾಳಿ ಮುಗಿಸಿ, ಬಸ್ಸನ್ನು ಡಿಪೋಗೆ ತಂದು ಸಾಲಿನಲ್ಲಿ ನೇರವಾಗಿ ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಬಿದ್ದಿದ್ದಳು. ಹಣೆ ಹಾರ್ನನ್ನು ಒತ್ತಿ ಅದು ಒಂದೇ ಸಮ ಕೂಗತೊಡಗಿತು. ಮೂಲೆಯಲ್ಲಿ ಟೀ ಕುಡಿಯುತ್ತಿದ್ದವರು, "ಶುರು ಹಚ್ಕೊಂಡ್ಲು ನೋಡು ಡ್ರೈವರಮ್ಮ" ಎಂದು ನಕ್ಕರು. ಹಿಂದಿನ ವಾರವಷ್ಟೇ ಅವಳು ಹಿಂಬದಿಯ ಸೀಟಿನಲ್ಲಿ ಅವಿತು ಕೂತು, ಕಸ ಗುಡಿಸಲು ಹತ್ತಿದವನ ಎದೆ ಝಲ್ಲೆನಿಸಿದ್ದಳು. ಮೆಕ್ಯಾನಿಕ್ಕೊಬ್ಬ ತಾನೂ ಆಟಕ್ಕೆ ಸೇರೋಣವೆಂದು ಬಸ್ಸು ಹತ್ತಿ, "ಮೇಡಂ, ಕೊನೇ ಸ್ಟಾಪು, ಇಳೀರಿ" ಎಂದು ಭುಜ ತಟ್ಟಿದ. ಮೈ ಹಾಗೇ ಪಕ್ಕಕ್ಕೆ ವಾಲಿತು. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಇನ್ನೂ ಬೇಗ ತಂದಿದ್ದರೂ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು.

ಡಿಪೋದವರು ನಕ್ಕ ಮಾತು ಅಮ್ಮನ ಕಿವಿಗೂ ಬಿತ್ತು. ಅಲ್ಲಿಂದಾಚೆ ಅವಳಿಗೆ ಯಾರ ನಗುವೂ ಸೇರದಾಯಿತು. ಪಕ್ಕದ ಮನೆಯವರು ಗಟ್ಟಿಯಾಗಿ ನಕ್ಕರೆ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದಳು.

ಮನೆಯಲ್ಲಿ ಉಳಿದವರು ಅಮ್ಮ ಮತ್ತು ಕಿರಿಮಗಳು. ಕಿರಿಯವಳಿಗೆ ಗುಬ್ಬಿ ಎಂದು ಹೆಸರಿಟ್ಟದ್ದೇ ಅಕ್ಕ; ಕೊನೆಗೆ ಎಲ್ಲರ ಬಾಯಲ್ಲೂ ಅದೇ ನಿಂತುಹೋಗಿತ್ತು. ಗುಬ್ಬಿಗೆ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ. ಉಜ್ಜುವ ಯಂತ್ರದ ಮುಂದೆ ಕೂತು ಲೆನ್ಸಿನ ಅಂಚನ್ನು ಫ್ರೇಮಿನ ಅಳತೆಗೆ ತರುವುದು, ಬಿಸಿಗಾಳಿಗೆ ಹಿಡಿದು ಕಡ್ಡಿಗಳನ್ನು ಮೆತ್ತಗಾಗಿಸಿ ಕಿವಿಯ ಹಿಂದಕ್ಕೆ ಬಾಗಿಸುವುದು. ಗಿರಾಕಿಯ ಮುಖಕ್ಕೆ ಕನ್ನಡಕ ಕೂರಿಸಬೇಕಾದಾಗ ಮಾತ್ರ ಮುಂದಿನ ಕೋಣೆಗೆ ಬರುತ್ತಿದ್ದಳು. "ಬಿಗಿ ಆಗ್ತಿದೆಯಾ?" ಎಂದು ಅವಳು ಕೇಳಿದರೆ ಗಿರಾಕಿಗಳು "ಆಂ?" ಎನ್ನುತ್ತಿದ್ದರು. ಇನ್ನೊಮ್ಮೆ ಕೇಳುವ ಬದಲು ಅವಳು ಕನ್ನಡಕವನ್ನೇ ತೆಗೆದು, ಒಂದಿಷ್ಟು ಸಡಿಲಿಸಿ ಮತ್ತೆ ಹಾಕಿ ನೋಡುತ್ತಿದ್ದಳು. ಅಷ್ಟು ಸಣ್ಣ ದನಿ ಅವಳದು.

ಮನೆಯಿಂದ ಹೊರಗೆ ಅವಳ ಬಾಯಿ ಎಂದರೆ ಅಕ್ಕನೇ. ಕಚ್ಚುವ ಚಪ್ಪಲಿಯನ್ನು ಅಂಗಡಿಗೆ ಹಿಂತಿರುಗಿಸುವುದು, ಸರದಿಯಲ್ಲಿ ನಡುವೆ ನುಗ್ಗಿದವನನ್ನು ಹಿಂದಕ್ಕೆ ಕಳಿಸುವುದು, ಡಾಕ್ಟರ ಹತ್ತಿರ "ಇವಳಿಗೆ ನೋವು ಇಲ್ಲಿ, ಅಲ್ಲಿ ಒತ್ತಬೇಡಿ" ಎನ್ನುವುದು ಎಲ್ಲ ಅಕ್ಕನ ಪಾಲು. ಸಂಜೆ ಬಾಗಿಲಿಗೆ ಬೀಗದ ಕೈ ಗೊಂಚಲಿನಿಂದ ಬಡಿದು ಒಳಗೆ ಬರುವಾಗ ಅವಳು ದಿನಕ್ಕೊಬ್ಬಳಾಗಿರುತ್ತಿದ್ದಳು. ಒಂದು ದಿನ ಬೆಂಕಿ ಆರಿಸುವ ದಳದವಳು, ಇನ್ನೊಂದು ದಿನ ದೂರದೇಶದ ರಾಣಿ. "ಈ ಮನೇಲೊಬ್ಬ ಮುದುಕಿ ಕದ್ದು ಸಕ್ಕರೆ ತಿಂತಾಳಂತೆ, ತಪಾಸಣೆ! ಎಲ್ಲರೂ ಗೋಡೆ ಕಡೆ ತಿರುಗಿ!" ಎಂದು ಅಡುಗೆಮನೆಗೆ ನುಗ್ಗುತ್ತಿದ್ದಳು. ಸಕ್ಕರೆ ಕಾಯಿಲೆಯ ಅಮ್ಮ, "ಥೂ, ಹೋಗೇ ಆಚೆ" ಎಂದು ಬೈಯುತ್ತಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಈಗ ಅಮ್ಮ ತಟ್ಟೆಯ ಮುಂದೆ ಕೂತು ಒಂದೆರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. "ಊಟ ಮಾಡಿಸಿ, ಹೇಗಾದ್ರೂ ಮಾಡಿ ಊಟ ಮಾಡಿಸಿ" ಎಂದು ಡಾಕ್ಟರು ಗುಬ್ಬಿಗೆ ಹೇಳಿದರು. ಗುಬ್ಬಿ ತಟ್ಟೆ ಹಿಡಿದು ಎದುರು ಕೂರುತ್ತಿದ್ದಳು. "ಇನ್ನೊಂದು ತುತ್ತು ಅಮ್ಮಾ" ಎನ್ನುತ್ತಿದ್ದಳು. ಅಮ್ಮ ಗೋಡೆ ನೋಡುತ್ತಿದ್ದಳು. ಅಕ್ಕನಾಗಿದ್ದರೆ ಈ ತಟ್ಟೆಯನ್ನು ವಿಮಾನ ಮಾಡುತ್ತಿದ್ದಳು, ಇಲ್ಲವೇ ತಾನೇ ಹಟಮಾರಿ ಮಗುವಾಗಿ ಬಿದ್ದು ಹೊರಳಾಡಿ ಅಮ್ಮನ ಕೈಯಿಂದಲೇ ತುತ್ತು ಹಾಕಿಸಿಕೊಂಡು, ಆ ನೆಪದಲ್ಲಿ ಅಮ್ಮನಿಗೂ ಉಣಿಸುತ್ತಿದ್ದಳು. ತನಗೆ ಅದು ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ಊಟದ ಹೊತ್ತಿಗೆ ಮಾತ್ರ ಅಕ್ಕನ ಹಾಗೆ ಇರಲು ಬಂದರೆ ಸಾಕಲ್ಲ ಎಂದು ಗುಬ್ಬಿಗೆ ಅನ್ನಿಸಿತು.

ಅಕ್ಕ ಗುರುವಾರದ ಸಂಜೆ ನಾಟಕದ ಕ್ಲಾಸಿಗೆ ಹೋಗುತ್ತಿದ್ದಳು. ಬರೆದಿಟ್ಟ ಮಾತಿಲ್ಲದೆ, ನಿಂತ ನಿಲುವಿನಲ್ಲೇ ಕಟ್ಟಿ ಆಡುವ ನಾಟಕ. ಗುಬ್ಬಿಯನ್ನೂ ಎಷ್ಟೋ ಸಲ ಕರೆದಿದ್ದಳು. "ನಾನು ಬಂದ್ರೆ ಗೋಡೆಗೆ ಅಂಟ್ಕೊಂಡು ನಿಂತಿರ್ತೀನಿ ಅಷ್ಟೆ" ಎಂದರೆ, "ಬಾರೇ, ಗೋಡೆಗೂ ಒಂದು ಪಾತ್ರ ಕೊಡಿಸ್ತೀನಿ" ಎನ್ನುತ್ತಿದ್ದಳು. ಗುಬ್ಬಿ ಹೋಗಿರಲಿಲ್ಲ. ಅಕ್ಕ ಇಲ್ಲದ ಮೇಲೆ, ಒಂದು ಗುರುವಾರ, ಅಂಗಡಿಯಿಂದ ಸೀದಾ ಅಲ್ಲಿಗೆ ಹೋದಳು.

ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಮೆಟ್ಟಿಲ ತುಂಬ ರಬ್ಬರ್ ವಾಸನೆ. ಒಳಗೆ ಎಂಟು ಹತ್ತು ಜನ ಬರಿಗಾಲಲ್ಲಿ ನಿಂತು ಕೈಕಾಲು ಕೊಡವುತ್ತಿದ್ದರು. ಬಾಗಿಲಲ್ಲಿ ನಿಂತ ಗುಬ್ಬಿ ಬೆರಳ ಗೆಣ್ಣಿನಿಂದ ಕನ್ನಡಕವನ್ನು ಮೇಲಕ್ಕೆ ತಳ್ಳಿ, "ಒಳಗೆ ಬರಬಹುದಾ?" ಎಂದಳು. ಎಲ್ಲರೂ ನಿಂತಲ್ಲೇ ನಿಂತರು. ಒಬ್ಬ ದಪ್ಪ ಮನುಷ್ಯ, ಹಿಂದಿನ ಬೀದಿಯ ಕ್ಷೌರದಂಗಡಿಯವನು, ತಟ್ಟನೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ತನ್ನ ಮುಖದಲ್ಲಿ ಅಕ್ಕನ ಹೋಲಿಕೆ ಕಂಡಿರಬೇಕು ಎಂದುಕೊಂಡಳು ಗುಬ್ಬಿ.

ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ಬೋಳುತಲೆಯವರು ಮೇಷ್ಟ್ರು. ಮಂಡಿ ನೋವಿನವರು. "ಬಾಮ್ಮಾ" ಎಂದರು. "ಡ್ರೈವರಮ್ಮನ ತಂಗಿ ತಾನೆ? ಏನು ಬೇಕಾಗಿತ್ತು?"

"ಅಕ್ಕನ ಥರ ಆಗೋದನ್ನ ಕಲೀಬೇಕು."

ಬೇರೆ ಕಡೆಯಾಗಿದ್ದರೆ ಯಾರಾದರೂ "ಆಂ?" ಎನ್ನುತ್ತಿದ್ದರು. ಇಲ್ಲಿ ಯಾರೂ ಅನ್ನಲಿಲ್ಲ. ಎಲ್ಲರಿಗೂ ಕೇಳಿಸಿತ್ತು. ಮೇಷ್ಟ್ರು, "ಚಪ್ಪಲಿ ಬಿಟ್ಟು ಬಾ" ಎಂದರು.

ಮೊದಲು ಕಲಿಸಿದ್ದು ತಪ್ಪು ಮಾಡುವುದನ್ನು. ವೃತ್ತದಲ್ಲಿ ನಿಂತು ಒಬ್ಬರಿಂದೊಬ್ಬರಿಗೆ ಚಪ್ಪಾಳೆ ದಾಟಿಸುವ ಆಟ, ತಪ್ಪಿದವರು ಎರಡೂ ಕೈ ಮೇಲೆತ್ತಿ "ಎಡವಿದೆ!" ಎಂದು ಕೂಗಬೇಕು. ಉಳಿದವರು ಗೆದ್ದವರಿಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟಬೇಕು. ಗುಬ್ಬಿಗೆ ತಪ್ಪುವುದೇನೂ ಕಷ್ಟವಾಗಲಿಲ್ಲ, ಕೈ ಎತ್ತುವುದು ಕಷ್ಟವಾಯಿತು. ಮೊಣಕೈ ಪಕ್ಕೆಗೆ ಹೊಲಿದಂತಿತ್ತು. "ಅರ್ಧ ಎತ್ತಿದ್ರೆ ಅರ್ಧ ತಪ್ಪು ಅಂತ ಲೆಕ್ಕ. ನಮಗೆ ಪೂರ್ತಿ ತಪ್ಪೇ ಬೇಕು" ಎಂದರು ಮೇಷ್ಟ್ರು.

ಆಮೇಲೆ ನಡಿಗೆ. ಮೂಗು ಎಳೆದ ಕಡೆ ಮೈ ಹೋಗಬೇಕು. ಹಾಗೆ ನಡೆದಾಗ ಗುಬ್ಬಿ ಯಾರದೋ ಮನೆಯ ಗುಟ್ಟು ಮೂಸಿಕೊಂಡು ಹೊರಟ ಹೆಂಗಸಾದಳು. ಹೊಟ್ಟೆ ಮುಂದಾದಾಗ ಊಟ ಮುಗಿಸಿ ಬಂದ ಸಾಹುಕಾರ. ಎದೆ ಮುಂದೆ ಮಾಡಿ ಕೋಣೆಯ ಈ ತುದಿಯಿಂದ ಆ ತುದಿಗೆ ಬಂದಾಗ ಅವಳಿಗೇ ಗಾಬರಿಯಾಯಿತು. ಅದು ಅಕ್ಕನ ನಡಿಗೆ. ಅಕ್ಕ ಹಾಗೇ ನಡೆಯುತ್ತಿದ್ದಳು, ಎದುರಿಗೆ ಬರುವವರೇ ದಾರಿ ಬಿಡಬೇಕು ಎನ್ನುವಂತೆ.

ಮುಂದೊಂದು ವಾರ ಮೇಷ್ಟ್ರು ಇಸ್ಪೀಟು ಎಲೆ ಹಂಚಿದರು. ತನ್ನ ಎಲೆಯನ್ನು ತಾನು ನೋಡದೆ ಹಣೆಗೆ ಒತ್ತಿ ಹಿಡಿಯಬೇಕು. ಉಳಿದವರು ಆ ಎಲೆಯ ಬೆಲೆಗೆ ತಕ್ಕಂತೆ ನಡೆದುಕೊಳ್ಳಬೇಕು. ಎರಡರ ಎಲೆ ಹಿಡಿದವನನ್ನು ಯಾರೂ ಕಣ್ಣೆತ್ತಿ ನೋಡಬಾರದು, ರಾಜನಿಗೆ ಬಗ್ಗಬೇಕು. ಗುಬ್ಬಿ ತನಗೆ ಎರಡೋ ಮೂರೋ ಬಂದಿರುತ್ತದೆ ಎಂದುಕೊಂಡೇ ಮೂಲೆಗೆ ಹೊರಟಳು. ಆದರೆ ಅವಳು ಹತ್ತಿರ ಬಂದಂತೆಲ್ಲ ಜನ ಸರಿದು ದಾರಿ ಬಿಟ್ಟರು. ಕ್ಷೌರದವನು ತಾನು ಕೂತಿದ್ದ ಕುರ್ಚಿಯನ್ನು ಅಂಗಿಯ ತೋಳಿನಿಂದ ಒರೆಸಿ ಮುಂದಿಟ್ಟ. ಕ್ಲಾಸಿಗೆ ಬರುತ್ತಿದ್ದ ನರ್ಸಮ್ಮ ಗಾಳಿ ಬೀಸತೊಡಗಿದಳು. ಗುಬ್ಬಿ ಕೂತಳು. ಕೂತು, ಕಾಲ ಮೇಲೆ ಕಾಲು ಹಾಕಿ, "ಇಷ್ಟು ತಡವಾಗಿ ಕುರ್ಚಿ ತರ್ತೀಯಾ? ನಿನ್ನ ಮೀಸೆ ಬೋಳಿಸಿ ಕಳಿಸ್ತೀನಿ" ಎಂದಳು. ಊರವರ ಮೀಸೆ ಬೋಳಿಸುವವನಿಗೆ ಈ ಮಾತು! ಕೋಣೆ ಗೊಳ್ಳೆಂದಿತು. ಗುಬ್ಬಿಯೂ ನಕ್ಕಳು. ಅಕ್ಕ ಹೋದಮೇಲೆ ಅದೇ ಮೊದಲು. ನಕ್ಕ ಮರುಕ್ಷಣವೇ ಅಮ್ಮನ ಮುಖ ನೆನಪಾಗಿ ಬಾಯಿ ಮುಚ್ಚಿಕೊಂಡಳು.

"ರಾಜ ತಾನೇ ರಾಜ ಆಗಲ್ಲ" ಎಂದರು ಮೇಷ್ಟ್ರು ಎಲೆಗಳನ್ನು ಒಟ್ಟುಗೂಡಿಸುತ್ತ. "ಸುತ್ತ ಇರೋರು ಅವನನ್ನ ರಾಜ ಮಾಡ್ತಾರೆ. ಜೋರಿನ ಪಾತ್ರ ಮಾಡೋಳು ಒಬ್ಬಳೇ ಜೋರಾಗಿರೋಕೆ ಆಗಲ್ಲಮ್ಮ. ಎದುರಿಗಿರೋರು ಅವಳನ್ನ ನಂಬಬೇಕು."

ಗುಬ್ಬಿ ಗುರುವಾರಗಳನ್ನು ಎದುರು ನೋಡತೊಡಗಿದಳು. ಯಾರು ಏನೇ ಹೇಳಲಿ, "ಹೌದು, ಅಷ್ಟೇ ಅಲ್ಲ..." ಎಂದು ಮುಂದುವರಿಸುವ ಆಟವಿತ್ತು. "ನಿಮ್ಮ ತಲೆ ಮೇಲೆ ಕೊಕ್ಕರೆ ಕೂತಿದೆ" ಎಂದರೆ, "ಹೌದು, ಅಷ್ಟೇ ಅಲ್ಲ, ಬಾಡಿಗೆನೂ ಕೊಡ್ತಿಲ್ಲ" ಎನ್ನುವಷ್ಟು ಅವಳು ಪಳಗಿದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರದ ಸದ್ದಿನ ಮರೆಯಲ್ಲಿ ಅಕ್ಕನ ದನಿಯನ್ನು ತಾಲೀಮು ಮಾಡಿದಳು. ಅಕ್ಕ ಮಾತಿನ ಮೊದಲ ಪದವನ್ನು ಎಸೆಯುತ್ತಿದ್ದಳು, ಕೊನೆಯ ಪದವನ್ನು ನುಂಗುತ್ತಿದ್ದಳು. ನಗುವ ಮುನ್ನ ಮೂಗಿನಲ್ಲೊಂದು ಸದ್ದು. ಇವನ್ನೆಲ್ಲ ಗುಬ್ಬಿ ಎಂದೂ ಗಮನವಿಟ್ಟು ನೋಡಿರಲಿಲ್ಲ. ಆದರೂ ಎಲ್ಲ ಅವಳ ಮೈಯೊಳಗೇ ಇದ್ದವು.

ಒಂದು ಸಂಜೆ, ಅಮ್ಮ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಗುಬ್ಬಿ ಕೆಲಸ ಮುಗಿಸಿ ಬಂದವಳು ಬಾಗಿಲ ಹೊರಗೆ ನಿಂತು ಉಸಿರೆಳೆದುಕೊಂಡಳು. ಎದೆ ಮುಂದೆ ಮಾಡಿದಳು. ಬೀಗದ ಕೈ ಗೊಂಚಲಿನಿಂದ ಬಾಗಿಲಿಗೆ ಪಟಪಟನೆ ಬಡಿದು, ಕಾಲಿನಿಂದ ತಳ್ಳಿ ಒಳಗೆ ನುಗ್ಗಿ, "ತಪಾಸಣೆ! ಈ ಮನೇಲೊಬ್ಬ ಮುದುಕಿ ಊಟ ಬಿಟ್ಟು ಮುಷ್ಕರ ಹೂಡಿದಾಳಂತೆ, ಎಲ್ಲಿ, ಎಲ್ಲಿ ಅವಳು?" ಎಂದಳು.

ದನಿ ಅಕ್ಕನದೇ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಒಲೆಯ ಪಕ್ಕ ಬೆನ್ನು ಹಾಕಿ ನಿಂತಿದ್ದ ಅಮ್ಮ ಗಿರ್ರನೆ ತಿರುಗಿದಳು. ಮುಖ ಅರಳಿತ್ತು. ನಿಜವಾಗಿಯೂ ಅರಳಿತ್ತು. ಬೈಯಲು ಬಾಯಿ ಕೂಡ ತೆರೆದಿದ್ದಳು. ಆಮೇಲೆ ಎದುರಿಗೆ ನಿಂತಿದ್ದವಳು ಯಾರೆಂದು ಕಂಡಿತು. ಆ ಮುಖ ಕುಸಿದ ಬಗೆಯನ್ನು ಗುಬ್ಬಿಗೆ ಆಮೇಲೆ ಯಾವತ್ತೂ ಮರೆಯಲಾಗಲಿಲ್ಲ. ಅಮ್ಮ ಕೈಯಲ್ಲಿದ್ದ ಸೌಟನ್ನು ಎಸೆದಳು. ಅದು ಗುಬ್ಬಿಯ ಭುಜ ಸವರಿ ಗೋಡೆಗೆ ಬಡಿದು ಬಿತ್ತು.

"ಯಾಕೆ ಹಂಗೆ ಮಾಡ್ದೆ?" ಎಂದಳು ಅಮ್ಮ. "ಯಾಕೇ ಮಾಡ್ದೆ?"

"ನೀನು ಊಟ ಮಾಡ್ಲಿ ಅಂತ ಅಮ್ಮಾ..."

"ಒಬ್ಬಳನ್ನ ಕಳ್ಕೊಂಡು ಕೂತಿದೀನಿ. ಈಗ ನೀನು ಅವಳಾಗ್ಬಿಟ್ರೆ ನನಗೆ ನೀನೆಲ್ಲಿ ಸಿಗ್ತೀಯ? ಇಬ್ರೂ ಹೋಗ್ಲಿ ಅಂತಾನಾ?"

ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಗುಬ್ಬಿ ಸೌಟು ಎತ್ತಿ ತೊಳೆದಿಟ್ಟಳು. ಆ ದಿನ ಇಬ್ಬರೂ ಉಣ್ಣಲಿಲ್ಲ.

ಗುಬ್ಬಿ ಕ್ಲಾಸಿಗೆ ಹೋಗುವುದನ್ನು ಬಿಟ್ಟಳು. ಗುರುವಾರದ ಸಂಜೆಗಳಲ್ಲಿ ಅಂಗಡಿಯಲ್ಲೇ ತಡಮಾಡಿ ಕೂತು, ಅವಸರವಿಲ್ಲದ ಲೆನ್ಸುಗಳನ್ನೂ ಉಜ್ಜಿ ಮುಗಿಸುತ್ತಿದ್ದಳು. ಮೊದಲಿಗಿಂತಲೂ ಮಾತು ಕಡಿಮೆಯಾಯಿತು. ಕೆಲವು ವಾರ ಕಳೆದ ಮೇಲೆ ನರ್ಸಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಕಡ್ಡಿ ಸೊಟ್ಟಗಾದ ಕನ್ನಡಕ. ಅದು ತಾನಾಗಿ ಸೊಟ್ಟಗಾದದ್ದಲ್ಲ, ಬೇಕೆಂದೇ ಬಗ್ಗಿಸಿದ್ದು ಎಂದು ಗುಬ್ಬಿಗೆ ಕೈಯಲ್ಲಿ ಹಿಡಿದ ಕೂಡಲೇ ತಿಳಿಯಿತು. ಆದರೂ ಬಿಸಿಗಾಳಿಗೆ ಹಿಡಿದಳು.

"ಯಾಕೆ ಬರ್ತಿಲ್ಲ?" ಎಂದಳು ನರ್ಸಮ್ಮ.

"ನನಗೆ ಅಕ್ಕ ಆಗೋಕೆ ಬರಲ್ಲ."

"ನಿಮ್ಮಕ್ಕಂಗೂ ಬರ್ತಿರ್ಲಿಲ್ಲ" ಎಂದಳು ನರ್ಸಮ್ಮ. ಗುಬ್ಬಿ ತಲೆಯೆತ್ತಿದಳು. "ಮೇಷ್ಟ್ರು ಹೇಳ್ಬೇಡಿ ಅಂದಿದ್ರು. ಆದ್ರೂ ಹೇಳ್ತೀನಿ. ನಿಮ್ಮಕ್ಕ ಕ್ಲಾಸಲ್ಲಿ ಒಂದಿನಾನೂ ಜೋರಿನ ಪಾತ್ರ ಮಾಡ್ಲಿಲ್ಲ ಕಣ್ರೀ. ರಾಣಿ, ಪೊಲೀಸು, ಜಗಳಗಂಟಿ ಏನೇ ಕೊಟ್ರೂ ಎರಡು ನಿಮಿಷಕ್ಕೆ ಸಪ್ಪೆ ಆಗ್ಬಿಡೋಳು. ಅವಳು ಚೆನ್ನಾಗಿ ಮಾಡ್ತಿದ್ದ ಪಾತ್ರ ಒಂದೇ. ಒಬ್ಬ ಹೆಂಗಸು. ಕನ್ನಡಕ ಹಿಂಗೆ ಮೇಲಕ್ಕೆ ತಳ್ತಾಳೆ. ಸಣ್ಣಗೆ ಮಾತಾಡ್ತಾಳೆ. ಅವಳು ಬಾಯಿ ತೆರೆದ್ರೆ ನಾವೆಲ್ಲ ಮುಂದಕ್ಕೆ ಬಗ್ಗಿ ಕೇಳೋವು. ಮೊದಲನೇ ದಿನ ನೀವು ಬಾಗಿಲಲ್ಲಿ ಬಂದು ನಿಂತ್ರಲ್ಲ, ನಮಗೆ ಅವಳೇ ಬಂದ ಹಾಗಾಯ್ತು. ಅದಕ್ಕೇ ಹಂಗೆ ನಿಂತ್ವಿ."

ಗುಬ್ಬಿಯ ಕೈಯಲ್ಲಿದ್ದ ಕಡ್ಡಿ ಬಿಸಿ ಹೆಚ್ಚಾಗಿ ಮಡಚಿಕೊಂಡಿತು. "ನನ್ನ ಆಡ್ಕೋತಿದ್ಲಾ? ನಿಮ್ಮೆಲ್ಲರ ಮುಂದೆ?"

"ಆಡ್ಕೊಳ್ಳೋದಲ್ಲ ಅದು. ನಾವು ಒಂದಿನಾನೂ ನಗ್ಲಿಲ್ಲ."

ಆದರೆ ಗುಬ್ಬಿಗೆ ಅವಮಾನವೇ ಆಗಿತ್ತು. ಹೊಸ ಕಡ್ಡಿ ಹಾಕಿ ಕನ್ನಡಕ ಮರಳಿಸಿದಳು. ನರ್ಸಮ್ಮನ ಮುಖ ನೋಡಲಿಲ್ಲ. ಮನೆಗೆ ಬಂದು ಚೀಲವನ್ನು ಮೂಲೆಗೆಸೆದು, ಅಮ್ಮನೆದುರು ನಿಂತು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. "ನಾನು ಇಲ್ಲಿ ಅವಳನ್ನ ದೇವರ ಥರ ನೋಡ್ತಿದ್ರೆ, ಅವಳು ಅಲ್ಲಿ ಹೋಗಿ ನನ್ನ ಪುಕ್ಕಲುತನಾನ ಊರವರಿಗೆ ತೋರಿಸ್ತಿದ್ಲು!"

ಅಮ್ಮ ಮಂಚದ ತುದಿಯಲ್ಲಿ ಕೂತಿದ್ದಳು. "ಪುಕ್ಕಲು ಅವಳು ಕಣೇ, ನೀನಲ್ಲ" ಎಂದಳು.

"ಯಾರು, ಅಕ್ಕನಾ?" ಎಂದಳು ಗುಬ್ಬಿ.

"ನಿಮ್ಮಪ್ಪ ಹೋದಾಗ ಅವಳಿಗೆ ಹತ್ತು ವರ್ಷ ಇದ್ದೀತು. ನೀನಿನ್ನೂ ತೊಟ್ಟಿಲ ಕೂಸು. ಅವತ್ತಿಂದ ಮಾತೇ ಬಿಟ್ಟಿದ್ಲು. ಒಂದು ಶಬ್ದ ಆಡ್ತಿರ್ಲಿಲ್ಲ. ಸ್ಕೂಲಲ್ಲಿ ಹೊಸ ಟೀಚರು ಮೂಗಿ ಅಂದ್ಕೊಂಡಿದ್ರು. ನಾನು ನಿನ್ನ ಅವಳ ಕೈಗೆ ಕೊಟ್ಟು ಕೆಲಸಕ್ಕೆ ಹೋಗ್ತಿದ್ದೆ, ಇನ್ನೇನ್ ಮಾಡ್ಲಿ? ಒಂದಿನ ವಾಪಸ್ ಬಂದಾಗ ಒಳಗಿಂದ ಬೆಕ್ಕು ಕೂಗೋದು ಕೇಳಿಸ್ತು. ಬಾಗಿಲು ತೆಗೆದು ನೋಡ್ತೀನಿ, ಇವಳು ನಾಲ್ಕು ಕಾಲಲ್ಲಿ ನೆಲದ ಮೇಲೆ ಓಡಾಡ್ತಾ ಇದಾಳೆ. ಬೆಕ್ಕು ಆಯ್ತು, ಕೋತಿ ಆಯ್ತು, ಆಮೇಲೆ ರೈಲು. ನೀನು ತೊಟ್ಟಿಲಲ್ಲಿ ಕೇಕೆ ಹಾಕ್ತಿದ್ದೆ. ಅತ್ತೂ ಅತ್ತೂ ಕೆಂಪಾಗಿದ್ಯಂತೆ, ನಿಲ್ಸೋಕೆ ಇನ್ನೇನೂ ತೋಚ್ಲಿಲ್ಲ ಅಂದ್ಲು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಆಮೇಲೆ ಆ ಬಾಯಿ ನಿಲ್ಲಲೇ ಇಲ್ಲ." ಅಮ್ಮ ಮಂಚದ ಹೊದಿಕೆಯನ್ನು ಸವರುತ್ತಿದ್ದಳು. "ದೊಡ್ಡೋಳಾದ್ಮೇಲೂ ಹೊಸ ರೂಟಿಗೆ ಹಾಕಿದ್ರೆ ಹಿಂದಿನ ದಿನ ಹೊಟ್ಟೆ ಕೆಡ್ತಿತ್ತು ಅವಳಿಗೆ. ನಿನಗೆ ಹೇಳ್ಬೇಡ ಅಂತಿದ್ಲು. ಗುಬ್ಬಿಗೆ ಗೊತ್ತಾದ್ರೆ ಮುಗೀತು, ಆಮೇಲೆ ನನ್ನಿಂದ ಆಗಲ್ಲ ಅಂತಿದ್ಲು."

ಗುಬ್ಬಿ ಅಮ್ಮನ ಪಕ್ಕ ಕೂತಳು. ಅಕ್ಕ ಹೋದ ಮೇಲೆ ಇಬ್ಬರೂ ಅತ್ತಿದ್ದರು, ಆದರೆ ಬೇರೆ ಬೇರೆ ಕೋಣೆಗಳಲ್ಲಿ. ಆ ಸಂಜೆ ಒಟ್ಟಿಗೇ ಅತ್ತರು. ಆಮೇಲೆ ಅಮ್ಮ ಎದ್ದು ತಟ್ಟೆ ಹಾಕಿದಳು. ತಾನೂ ತಿಂದಳು. ಹೆಚ್ಚೇನಲ್ಲ, ಮಾತ್ರೆಗೆ ಸಾಕಾಗುವಷ್ಟು.

ಮುಂದಿನ ಗುರುವಾರ ಕ್ಲಾಸಿನಲ್ಲಿ ಪ್ರಶ್ನೆಯ ಕುರ್ಚಿ ಇಟ್ಟಿದ್ದರು. ಒಬ್ಬರು ಯಾವುದಾದರೂ ಪಾತ್ರವಾಗಿ ಅದರ ಮೇಲೆ ಕೂರುತ್ತಾರೆ, ಉಳಿದವರು ಏನು ಬೇಕಾದರೂ ಕೇಳಬಹುದು. ಪಾತ್ರವಾಗಿಯೇ ಉತ್ತರ ಕೊಡಬೇಕು. ಗುಬ್ಬಿ ಬಂದವಳೇ ನೇರ ಹೋಗಿ ಕುರ್ಚಿಯ ಮೇಲೆ ಕೂತಳು.

"ಯಾರಾಗಿ ಕೂತಿದೀಯಮ್ಮ?" ಎಂದರು ಮೇಷ್ಟ್ರು.

"ಅಕ್ಕ ಮಾಡ್ತಿದ್ದಳಲ್ಲ, ಆ ಹೆಂಗಸು."

ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಓಡುತ್ತಿತ್ತು. ನರ್ಸಮ್ಮ ಮೊದಲ ಪ್ರಶ್ನೆ ಕೇಳಿದಳು. "ಏನ್ ಕೆಲಸ ಮಾಡ್ತೀರಿ?"

"ಕನ್ನಡಕ ಕೂರಿಸ್ತೀನಿ."

"ನಿಮಗೆ ಯಾರ್ಯಾರಿದಾರೆ?"

"ಅಮ್ಮ. ಅಕ್ಕ."

"ಅಕ್ಕ ಹೇಗೆ?" ಎಂದ ಕ್ಷೌರದವನು. ಈ ಪ್ರಶ್ನೆಯನ್ನು ಅವನು ಅಕ್ಕನಿಗೂ ಕೇಳಿದ್ದನಂತೆ. ಆಗ ಅವಳು ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, "ಬಾಯಿ ಜೋರು. ಒಳಗೆ ಏನೂ ಇಲ್ಲ ಪಾಪ. ನಾನು ನೋಡ್ತಿದ್ರೆ ಮಾತ್ರ ಅವಳಿಗೆ ಧೈರ್ಯ" ಎಂದಿದ್ದಳಂತೆ. ಇದನ್ನು ಅವನು ಗುಬ್ಬಿಗೆ ಹೇಳಿದ್ದು ಆಮೇಲೆ, ಎಲ್ಲ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ. ಆ ಹೊತ್ತಿಗೆ ಗುಬ್ಬಿಗೆ ಅದು ಗೊತ್ತಿರಲಿಲ್ಲ.

"ನನ್ನನ್ನ ನಗಿಸೋಳು" ಎಂದಳು ಗುಬ್ಬಿ.

"ಈಗ ಎಲ್ಲಿದಾರೆ?"

ಪಾತ್ರದ ಅಕ್ಕ ಡ್ಯೂಟಿಗೆ ಹೋಗಿರಬಹುದು. ಮಲಗಿರಬಹುದು. ಏನು ಬೇಕಾದರೂ ಹೇಳಬಹುದಿತ್ತು, ಆಟವಲ್ಲವೇ. ಗುಬ್ಬಿ ಬಾಯಿ ತೆರೆದಳು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ನೆರೆಯವರ ಹತ್ತಿರ ಇಷ್ಟು ದಿನ ಅವಳು "ಅಕ್ಕ ಇಲ್ಲ" ಎನ್ನುತ್ತಿದ್ದಳು, "ಹೋಗ್ಬಿಟ್ಲು" ಎನ್ನುತ್ತಿದ್ದಳು.

"ಸತ್ತೋದ್ಲು" ಎಂದಳು. "ಸತ್ತೋದ್ಲು ನನ್ನ ಅಕ್ಕ. ಅವಳಿಗೆ ಹೆದರಿಕೆ ಆಗಿರುತ್ತೆ. ಅಲ್ಲಿ ಬಸ್ಸಲ್ಲಿ ಒಬ್ಬಳೇ ಇದ್ಲು. ನಾನು ನೋಡ್ತಿರ್ಲಿಲ್ಲ."

ಪಾತ್ರ ಕೈಬಿಟ್ಟು ಹೋಗಿತ್ತು, ಆಟ ಕೆಟ್ಟಿತ್ತು. ಏನು ಮಾಡಬೇಕೆಂದು ತೋಚದೆ ಅವಳು ಅಲ್ಲಿಯ ನಿಯಮದ ಪ್ರಕಾರ ಎರಡೂ ಕೈಗಳನ್ನು ಮೇಲೆತ್ತಿದಳು. ಪೂರ್ತಿ ಎತ್ತಿದಳು. "ಎಡವಿದೆ" ಎಂದಳು ಅಳುತ್ತಲೇ. ಯಾರಿಗೂ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ. ಆಮೇಲೆ ಕ್ಷೌರದವನು ಒಂದು ತಟ್ಟಿದ. ನರ್ಸಮ್ಮ ತಟ್ಟಿದಳು. ಎಲ್ಲರೂ ಎದ್ದುನಿಂತು ತಟ್ಟಿದರು. ಮೇಷ್ಟ್ರು ಮಂಡಿ ನೋವಿನಲ್ಲೇ ಸ್ಟೂಲಿನಿಂದ ಇಳಿದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ಆ ಹೆಂಗಸಿನ ಪಾತ್ರ ನಿಮ್ಮಕ್ಕನದು. ಅದು ಅವಳ ಜೊತೆ ಹೋಯ್ತು" ಎಂದರು. "ಅಕ್ಕನ ಪಾತ್ರನೂ ನಿಂದಲ್ಲ. ನಿನಗೆ ಬೇರೆ ಯಾರನ್ನಾದ್ರೂ ಹುಡುಕೋಣ. ನಿಧಾನಕ್ಕೆ."

ಹುಡುಕಾಟ ಬಹಳ ಕಾಲ ಹಿಡಿಯಿತು. ಗುಬ್ಬಿ ಪತ್ತೇದಾರಳಾದಳು, ಸರಿಹೋಗಲಿಲ್ಲ. ಜಗಳಗಂಟಿಯಾದಳು, ಅದು ಮತ್ತೆ ಮತ್ತೆ ಅಕ್ಕನ ದನಿಯತ್ತ ಜಾರುತ್ತಿತ್ತು, ಕೂಡಲೇ ನಿಲ್ಲಿಸಿಬಿಡುತ್ತಿದ್ದಳು. ಒಂದು ದಿನ ಮೊಣಕಾಲು ಮುಂದೆ ಮಾಡಿ ನಡೆಯುವ ಆಟದಲ್ಲಿ, ನೆಲವೇ ಅಲುಗಾಡುತ್ತಿರುವ ಹಾಗೆ ಹೆಜ್ಜೆ ಹಾಕುವ ಒಬ್ಬ ವಿಚಿತ್ರ ಹೆಂಗಸು ಹೊರಬಂದಳು. ಹಡಗಿನ ಕ್ಯಾಪ್ಟನ್. ಮಹಾ ಜಂಬಗಾತಿ, ಸಮುದ್ರವನ್ನೇ ಏಕವಚನದಲ್ಲಿ ಗದರಿಸುವವಳು. ಆದರೆ ಹಡಗು ಇನ್ನೂ ದಡದಲ್ಲೇ ಕಟ್ಟಿಹಾಕಿದೆ ಎಂಬುದು ಅವಳಿಗೆ ಗೊತ್ತಿಲ್ಲ. "ಏಯ್ ಅಲೆ! ಸಾಲಾಗಿ ಬಾ! ಒಬ್ಬೊಬ್ಬರೇ!" ಎಂದು ಗುಬ್ಬಿ ಕೂಗಿದಾಗ ಆ ದನಿ ಯಾರದ್ದೂ ಆಗಿರಲಿಲ್ಲ. ಅವಳೂ ಅದನ್ನು ಮೊದಲ ಸಲ ಕೇಳುತ್ತಿದ್ದಳು. ಕ್ಷೌರದವನು ಒಂದು ಅಲೆಯಾಗಿ ಬಂದು ಕೈಕಟ್ಟಿ ನಿಂತ.

ಊರಿನವರನ್ನು ಕರೆದು ಆಡಿ ತೋರಿಸುವ ದಿನ ಬಂದಾಗ ಗುಬ್ಬಿ ಅಮ್ಮನಿಗೆ ಹೇಳಿದ್ದಳು, ಒತ್ತಾಯ ಮಾಡಿರಲಿಲ್ಲ. ಕುರ್ಚಿಗಳು ತುಂಬಿದ ಮೇಲೆ ಅಮ್ಮ ಬಂದಳು. ಬೇಕಾದರೆ ಎದ್ದುಹೋಗಬಹುದೆಂದು ಬಾಗಿಲ ಪಕ್ಕದಲ್ಲೇ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕ್ಯಾಪ್ಟನ್ ಬಂದು ಅಲೆಗಳಿಗೆ ಬುದ್ಧಿ ಹೇಳತೊಡಗಿದಾಗ ಜನ ನಕ್ಕರು. ಹಡಗಿಗೆ ಕಟ್ಟಿದ ಹಗ್ಗವನ್ನು ಹಾವೆಂದು ತಿಳಿದು ಅವಳು ಅದಕ್ಕೂ ಆಜ್ಞೆ ಮಾಡಿದಾಗ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಗುಬ್ಬಿಗೆ ಕಣ್ಣಿಗೆ ಹೊಡೆಯುತ್ತಿದ್ದ ಬೆಳಕಿನಲ್ಲಿ ಅಮ್ಮನ ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ. ಚೀಲದ ಹಿಡಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದು ಮಾತ್ರ ಕಾಣಿಸಿತು. ಎದ್ದು ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ ಇಬ್ಬರೂ ಮೆಟ್ಟಿಲಿಳಿದರು. ಗುಬ್ಬಿಯ ಮೈಯಲ್ಲಿ ಇನ್ನೂ ಬಿಸಿ ಆರಿರಲಿಲ್ಲ. ಅಷ್ಟು ಜನರ ಚಪ್ಪಾಳೆ ಕಿವಿಯಲ್ಲಿತ್ತು. ಅದನ್ನು ಹೊತ್ತುಕೊಂಡು ಓಡಿಹೋಗಿ ಹೇಳಬೇಕಾಗಿದ್ದ ಒಬ್ಬಳು ಮನೆಯಲ್ಲಿರುವುದಿಲ್ಲ ಎಂಬುದು ಅರ್ಧ ಮೆಟ್ಟಿಲಲ್ಲಿ ನೆನಪಾಗಿ, ಗೋಡೆ ಹಿಡಿದು ನಿಂತಳು. ಅಮ್ಮನೂ ಪಕ್ಕದಲ್ಲಿ ನಿಂತಳು.

"ಬಾಗಿಲ ಹತ್ರಕ್ಕೂ ಕೇಳಿಸ್ತು ನಿನ್ನ ಮಾತು" ಎಂದಳು ಅಮ್ಮ. "ಒಂದು ಅಕ್ಷರನೂ ಬಿಡದ ಹಾಗೆ."

"ನಗು ಬಂತೇನಮ್ಮಾ?"

"ಇಲ್ಲ ಮಗಾ. ಬರಲ್ಲ. ಅದನ್ನ ಇನ್ನು ಕೇಳ್ಬೇಡ." ಅಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ, ಗುಬ್ಬಿಯ ತೋಳು ಹಿಡಿದುಕೊಂಡು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. "ಮತ್ತೆ ಯಾವತ್ತು ಮಾಡ್ತೀರಿ ಇದನ್ನ?"

"ಮುಂದಿನ ತಿಂಗಳು."

"ಮೊದಲೇ ಹೇಳು. ಮುಂದಿನ ಸಾಲಲ್ಲಿ ಕೂರ್ತೀನಿ."